ಹಬ್ಬದ ಚಿತ್ರಪುಸ್ತಕ ಓದಿ ಮಕ್ಕಳಿಗೆ ದಯೆ ಕಲಿಸುವುದು: ಯಾವುದು ಮೊದಲು, ಯಾವುದು ಆಮೇಲೆ

ಪುಸ್ತಕ ತಂದಾಯ್ತು, ಓದಿಯೂ ಆಯ್ತು. ಕಥೆಯ ಹುಡುಗಿ ತನಗೆ ಬಂದ ಉಡುಗೊರೆಯನ್ನು ಇನ್ನೊಬ್ಬಳಿಗೆ ಕೊಟ್ಟಾಗ ಮಗು ಕಣ್ಣರಳಿಸಿ ಕೇಳಿಸಿಕೊಂಡಿತು. ಪುಸ್ತಕ ಮುಚ್ಚಿ ಹತ್ತು ನಿಮಿಷ ಆಗಿಲ್ಲ, ತಮ್ಮನ ಕೈಯಿಂದ ಕ್ರೇಯಾನ್ ಡಬ್ಬಿ ಕಿತ್ತುಕೊಂಡು ಓಡಿತು. "ಈಗ ತಾನೇ ಏನು ಓದಿದ್ವಿ?" ಎಂದರೆ ಮುಖ ಆ ಕಡೆ. ಹಬ್ಬ ಹತ್ತಿರ ಬಂದಾಗಲೆಲ್ಲ ಅಪ್ಪ ಅಮ್ಮಂದಿರು, ಟೀಚರ್‌ಗಳು ಹೇಳುವ ದೂರು ಇದೇ.

ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಓದುವ ಮೊದಲೇ ನೀತಿ ಹೇಳಿಬಿಡುತ್ತಾರೆ. ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಪ್ರಶ್ನೆಗಳ ಸುರಿಮಳೆ. ಕೊನೆಗೆ ಮಗುವಿಗೆ ಕೈಯಾರೆ ಮಾಡಲು ಏನೂ ಉಳಿದಿರುವುದಿಲ್ಲ. ಅದೇ ಪುಸ್ತಕ, ಅದೇ ಮಗು, ಕ್ರಮ ಬದಲಾದರೆ ಫಲವೂ ಬದಲಾಗುತ್ತದೆ. ಕೆಳಗಿನ ಹಂತಗಳು 2ರಿಂದ 7 ವರ್ಷದ ಮಕ್ಕಳಿಗೆ ಹೊಂದುತ್ತವೆ. ವಯಸ್ಸಿಗೆ ತಕ್ಕಂತೆ ಏನು ಬದಲಿಸಬೇಕು ಎಂಬುದು 5ನೇ ಹಂತದಲ್ಲಿದೆ.

## ಮೊದಲು ಕೈಯಲ್ಲಿ ಇರಬೇಕಾದದ್ದು

ಮೂರು ಅಥವಾ ನಾಲ್ಕು ಪುಸ್ತಕ ಸಾಕು. ರಾಶಿ ಬೇಡ. ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟದ್ದು, ಗಟ್ಟಿಯಾಗಿ ಓದಿದರೆ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಒಂದನ್ನೇ ನಾಲ್ಕೈದು ಸಲ ಓದುವುದು ನಮ್ಮ ಲೆಕ್ಕ. ಹೊಸ ಪುಸ್ತಕ ಪಕ್ಕದಲ್ಲೇ ಕಾಣುತ್ತಿದ್ದರೆ ಮಗು ಹಳೆಯದನ್ನು ಮತ್ತೆ ಮುಟ್ಟುವುದಿಲ್ಲ. ಓದದ ಪುಸ್ತಕಗಳು ಕಣ್ಣಿಗೆ ಬೀಳದ ಹಾಗೆ ಒಂದು ಪೆಟ್ಟಿಗೆಯಲ್ಲಿರಲಿ.

ಅಂಟಿಸಿ ಕಿತ್ತುಹಾಕುವ ಚಿಕ್ಕ ಚೀಟಿ, ಒಂದು ಪೆನ್ಸಿಲ್. ಫೋನ್ ಬೇರೆ ಕೋಣೆಯಲ್ಲಿ. ಹಬ್ಬಕ್ಕೆ ಎರಡು ವಾರ ಇರುವಾಗ ಶುರು ಮಾಡಿ. ಹಬ್ಬದ ದಿನವೇ ಶುರು ಮಾಡಿದರೆ ನೆಂಟರು, ಗದ್ದಲ, ಹೊಸ ಬಟ್ಟೆ, ಉಡುಗೊರೆ ಇವುಗಳ ಮಧ್ಯೆ ಪುಸ್ತಕವನ್ನು ಯಾರು ಕೇಳುತ್ತಾರೆ?

## ಹಂತ 1: ಪುಸ್ತಕ ಆರಿಸುವುದು

ಅರ್ಧ ಕೆಲಸ ಇಲ್ಲೇ ಆಗುತ್ತದೆ, ಅದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಮುಖಪುಟದಲ್ಲಿ ದೀಪ, ನಕ್ಷತ್ರ, ನಗುಮುಖ ಇದ್ದ ಮಾತ್ರಕ್ಕೆ ಅದು ದಯೆಯ ಪುಸ್ತಕ ಆಗುವುದಿಲ್ಲ. ಎಷ್ಟೋ ಹಬ್ಬದ ಪುಸ್ತಕಗಳಲ್ಲಿ ಇರುವುದು ಉಡುಗೊರೆ ಸಿಕ್ಕ ಸಂಭ್ರಮ ಅಷ್ಟೇ. ತಪ್ಪೇನಿಲ್ಲ, ಆದರೆ ನಮ್ಮ ಕೆಲಸಕ್ಕೆ ಅದು ಬರುವುದಿಲ್ಲ.

ಮೊದಲ ಪರೀಕ್ಷೆ: ಅಕ್ಷರಗಳ ಮೇಲೆ ಕೈ ಇಟ್ಟು ಬರೀ ಚಿತ್ರ ನೋಡುತ್ತಾ ಹೋಗಿ. ಯಾರಿಗೆ ಬೇಜಾರಾಗಿದೆ, ಯಾರಿಗೆ ಭಯ, ಯಾರಿಗೆ ನಾಚಿಕೆ ಎಂದು ಮುಖ ನೋಡಿಯೇ ತಿಳಿಯಬೇಕು. ಎಲ್ಲ ಪುಟದಲ್ಲೂ ಎಲ್ಲರೂ ಒಂದೇ ತರಹ ನಗುತ್ತಿದ್ದರೆ ಆ ಪುಸ್ತಕ ಬಿಡಿ. ಮಾತಾಡಲು ಅದರಲ್ಲಿ ಏನೂ ಸಿಗುವುದಿಲ್ಲ.

ಎರಡನೆಯದು: ದಯೆ ತೋರಿಸುವ ಪಾತ್ರ ಏನನ್ನಾದರೂ ಬಿಟ್ಟುಕೊಡುತ್ತದೆಯೇ? ಅದು ತನ್ನ ಸರದಿ ಇರಬಹುದು, ಇಷ್ಟದ ಜಾಗ ಇರಬಹುದು, ಆಟದ ಹೊತ್ತು ಇರಬಹುದು. ಕೊಡುವ ಮೊದಲು ಸ್ವಲ್ಪ ಹಿಂದೆ ಮುಂದೆ ನೋಡುವ ಪಾತ್ರ ಇದ್ದರೆ ಇನ್ನೂ ಒಳ್ಳೆಯದು. ಯೋಚನೆಯೇ ಮಾಡದೆ ಎಲ್ಲವನ್ನೂ ಕೊಟ್ಟುಬಿಡುವ ಪಾತ್ರದಲ್ಲಿ ಮಗುವಿಗೆ ತಾನು ಕಾಣುವುದಿಲ್ಲ.

ಮೂರನೆಯದು ಪಾತ್ರ ಯಾರು ಎಂಬುದು. ಟೊರಾಂಟೊದ ಸಂಶೋಧಕರು 4ರಿಂದ 6 ವರ್ಷದ ಮಕ್ಕಳಿಗೆ ಹಂಚಿಕೊಳ್ಳುವ ಒಂದೇ ಕಥೆಯನ್ನು ಎರಡು ರೂಪದಲ್ಲಿ ಓದಿಸಿದರು. ಒಂದರಲ್ಲಿ ಪಾತ್ರಗಳು ಮನುಷ್ಯರು, ಇನ್ನೊಂದರಲ್ಲಿ ಬಟ್ಟೆ ತೊಟ್ಟು ಮಾತಾಡುವ ಪ್ರಾಣಿಗಳು. ಓದಿದ ಮೇಲೆ ತಮ್ಮ ಸ್ಟಿಕ್ಕರ್‌ಗಳನ್ನು ಇನ್ನೊಂದು ಮಗುವಿಗೆ ಹೆಚ್ಚು ಕೊಟ್ಟವರು ಮನುಷ್ಯರ ಕಥೆ ಕೇಳಿದ ಮಕ್ಕಳು. ಹಾಗಂತ ಕರಡಿ, ಮೊಲದ ಪುಸ್ತಕಗಳನ್ನು ಎಸೆಯಬೇಕಿಲ್ಲ. ಖುಷಿಗೆ ಅವೂ ಇರಲಿ. ಈ ಕೆಲಸಕ್ಕೆ ಆರಿಸುವ ಮೂರರಲ್ಲಿ ಎರಡರಲ್ಲಾದರೂ ನಿಮ್ಮ ಮಗುವಿನ ವಯಸ್ಸಿನ ಮಗು ಇರಲಿ.

ಯಾವುದನ್ನು ಬಿಡಬೇಕು?

ಒಳ್ಳೆಯವರಾಗಿದ್ದರೆ ಮಾತ್ರ ಉಡುಗೊರೆ ಎಂದು ಹೇಳುವ ಪುಸ್ತಕ ಬೇಡ. ಅದರಿಂದ ಮಗು ಕಲಿಯುವುದು ವ್ಯಾಪಾರ.

ಕೆಟ್ಟದಾಗಿ ನಡೆದ ಮಗುವಿಗೆ ಕೊನೆಯಲ್ಲಿ ಶಿಕ್ಷೆ ಆಗುವ ಪುಸ್ತಕವೂ ಅಷ್ಟೊಂದು ಕೆಲಸಕ್ಕೆ ಬರುವುದಿಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 3ರಿಂದ 7 ವರ್ಷದ ಮಕ್ಕಳಿಗೆ ಸುಳ್ಳು, ನಿಜದ ಬಗ್ಗೆ ಕಥೆ ಹೇಳಿದ್ದರು. ಸುಳ್ಳು ಹೇಳಿ ಪೆಟ್ಟು ತಿನ್ನುವ ಕಥೆಗಳಿಂದ ಮಕ್ಕಳ ಸುಳ್ಳು ಕಡಿಮೆ ಆಗಲಿಲ್ಲ. ನಿಜ ಹೇಳಿ ಮೆಚ್ಚುಗೆ ಪಡೆದ ಹುಡುಗನ ಕಥೆ ಕೇಳಿದವರು ಹೆಚ್ಚಾಗಿ ನಿಜ ಹೇಳಿದರು. ಅದು ದಯೆಯ ಅಧ್ಯಯನ ಅಲ್ಲ, ನಿಜ. ಆದರೂ ಪುಸ್ತಕ ಆರಿಸುವಾಗ ನಾನು ಅದನ್ನೇ ಹಿಡಿಯುತ್ತೇನೆ: ಹೆದರಿಸುವ ಕಥೆಗಿಂತ ಮಾಡಿ ತೋರಿಸುವ ಕಥೆ ಮೇಲು.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಗಮನಿಸುವವರು ಕಡಿಮೆ. ಹಬ್ಬದ ಪುಸ್ತಕಗಳಲ್ಲಿ "ಬಡ ಮಗು" ಎಂಬ ಪಾತ್ರ ಬರುತ್ತದಲ್ಲ, ಅದಕ್ಕೆ ಹೆಸರಿದೆಯೇ ನೋಡಿ. ಅದು ಮಾತಾಡುತ್ತದೆಯೇ? ಏನಾದರೂ ಮಾಡುತ್ತದೆಯೇ? ಬರೀ ಕೈ ಚಾಚಿ ನಿಂತು, ತೆಗೆದುಕೊಂಡು, ಮಾಯವಾದರೆ ಆ ಪುಸ್ತಕ ಕಲಿಸುವುದು ಅನುಕಂಪವನ್ನು. ಅದರ ಜೊತೆಗೆ "ನಾವು ಮೇಲೆ, ಅವರು ಕೆಳಗೆ" ಎಂಬುದೂ ಸದ್ದಿಲ್ಲದೆ ಬಂದು ಕೂರುತ್ತದೆ. ತೆಗೆದುಕೊಂಡ ಮಗುವೂ ಎಲ್ಲೋ ಒಂದು ಕಡೆ ಕೊಡುವ ಪುಸ್ತಕ ಹುಡುಕಿ.

ಮೂರರಲ್ಲಿ ಒಂದು ನೀವು ಆಚರಿಸದ ಹಬ್ಬದ್ದಾಗಿರಲಿ. ಮಕ್ಕಳ ಸಾಹಿತ್ಯದ ವಿದ್ವಾಂಸೆ ರೂಡಿನ್ ಸಿಮ್ಸ್ ಬಿಷಪ್ 1990ರಲ್ಲಿ ಹೇಳಿದಂತೆ ಪುಸ್ತಕ ಕನ್ನಡಿಯೂ ಆಗಬೇಕು, ಕಿಟಕಿಯೂ ಆಗಬೇಕು. ತನ್ನ ಮನೆಯಂಥ ಮನೆಯನ್ನು ಮಾತ್ರ ನೋಡಿದ ಮಗುವಿನ ದಯೆ ತನ್ನವರಿಗಷ್ಟೇ ನಿಂತುಬಿಡುತ್ತದೆ.

## ಹಂತ 2: ಒಬ್ಬರೇ ಓದಿ ಗುರುತು ಹಾಕುವುದು

ಮಗು ಮಲಗಿದ ಮೇಲೆ ಒಂದು ಸಲ ಓದಿ. ನಿಲ್ಲಬೇಕಾದ ಎರಡು, ಹೆಚ್ಚೆಂದರೆ ಮೂರು ಪುಟ ಆರಿಸಿ ಚೀಟಿ ಅಂಟಿಸಿ. ಯಾವ ಪುಟ? ಒಬ್ಬರ ಮುಖ ಬದಲಾಗುವ ಪುಟ. ಪಾತ್ರ ಇನ್ನೂ ತೀರ್ಮಾನ ಮಾಡದ ಪುಟ, ಅಂದರೆ ಕೊಡಲೋ ಬೇಡವೋ ಎಂದು ನಿಂತ ಜಾಗ. ಆಮೇಲೆ, ಅಕ್ಷರದಲ್ಲಿ ಹೇಳದ ಯಾರೋ ಒಬ್ಬರು ಚಿತ್ರದ ಮೂಲೆಯಲ್ಲಿರುವ ಪುಟ. ಈ ಮೂರನೆಯದು ಸಿಕ್ಕರೆ ಬಿಡಬೇಡಿ.

ಕೊನೆಯ ಪುಟಕ್ಕೆ ಚೀಟಿ ಬೇಡ. ಅಲ್ಲಿ ನಿಂತರೆ ನೀತಿ ಹೇಳದೆ ಇರುವುದು ಯಾರಿಗೂ ಆಗುವುದಿಲ್ಲ.

ಚೀಟಿಯ ಮೇಲೆ ಒಂದೇ ಪ್ರಶ್ನೆ ಬರೆಯಿರಿ. "ಹೌದು", "ಇಲ್ಲ" ಎಂದು ಉತ್ತರ ಬರುವ ಪ್ರಶ್ನೆ ಬೇಡ. "ಅವಳು ಒಳ್ಳೆಯವಳು ಅಲ್ವಾ?" ಎಂಬುದು ಪ್ರಶ್ನೆಯೇ ಅಲ್ಲ, ತಲೆ ಆಡಿಸು ಎನ್ನುವ ಆಜ್ಞೆ.

## ಹಂತ 3: ಹೊತ್ತು ನೋಡಿ ಕೂರುವುದು

ಹೊಟ್ಟೆ ತುಂಬಿರಬೇಕು, ನಿದ್ದೆ ಎಳೆಯುತ್ತಿರಬಾರದು. ಪುಸ್ತಕ ಮಗುವಿನ ತೊಡೆಯ ಮೇಲಿರಲಿ, ಪುಟ ತಿರುಗಿಸುವ ಕೆಲಸ ಅದರದ್ದೇ.

ಜಗಳ ಆದ ಕೂಡಲೇ ಈ ಪುಸ್ತಕ ತೆಗೆಯಬೇಡಿ. ತಮ್ಮನಿಗೆ ಹೊಡೆದ ಮಗುವನ್ನು "ಬಾ ಇಲ್ಲಿ, ಆ ಪುಸ್ತಕ ತಗೊಂಡು ಬಾ" ಎಂದು ಕೂರಿಸಿದರೆ ಅದು ಶಿಕ್ಷೆಯ ಪುಸ್ತಕ ಆಯಿತು. ಅವತ್ತಿನಿಂದ ಅದು ಕಪಾಟಿನ ಹಿಂದೆ ಬೀಳುತ್ತದೆ, ನೀವು ಹುಡುಕುತ್ತಾ ಇರುತ್ತೀರಿ.

## ಹಂತ 4: ಮೊದಲ ಓದು, ಬರೀ ಕಥೆ

ಮೊದಲ ಸಲ ಎಲ್ಲೂ ನಿಲ್ಲಬೇಡಿ. ಚೀಟಿ ಇದ್ದರೂ ದಾಟಿ ಹೋಗಿ. ಮುಂದೆ ಏನಾಗುತ್ತದೆ ಎಂದು ಮಗುವಿನ ಮನಸ್ಸು ಓಡುತ್ತಿರುವಾಗ "ಅವನಿಗೆ ಏನನ್ನಿಸಿರಬಹುದು?" ಎಂದು ತಡೆದರೆ ಕಥೆಯೂ ಹೋಯಿತು, ಉತ್ತರವೂ ಬರಲಿಲ್ಲ. ಮಗುವೇ ಏನಾದರೂ ಕೇಳಿದರೆ ಚಿಕ್ಕದಾಗಿ ಉತ್ತರಿಸಿ ಮುಂದೆ ಓದಿ.

ಮುಗಿದ ಮೇಲೆ ಸುಮ್ನೆ ಇರಿ. ಹತ್ತು ಎಣಿಸುವಷ್ಟು ಹೊತ್ತು. ಇಡೀ ಕೆಲಸದಲ್ಲಿ ದೊಡ್ಡವರಿಗೆ ಅತಿ ಕಷ್ಟವಾಗುವುದು ಇದೇ. "ನೋಡಿದ್ಯಾ, ನೀನೂ ಹೀಗೇ ಇರಬೇಕು" ಎಂಬ ಮಾತು ನಾಲಿಗೆ ತುದಿಗೆ ಬಂದಿರುತ್ತದೆ. ನುಂಗಿಕೊಳ್ಳಿ. ಆ ಮೌನದಲ್ಲಿ ಮಗು "ಇನ್ನೊಂದ್ಸಲ" ಎನ್ನಬಹುದು, ಹಿಂದಿನ ಯಾವುದೋ ಪುಟಕ್ಕೆ ಹೋಗಬಹುದು, ಅಥವಾ ಎದ್ದು ಆಡಲು ಓಡಬಹುದು. ಮೂರೂ ಸರಿಯೇ. ಯಾವ ಪುಟಕ್ಕೆ ಹಿಂದೆ ಹೋಯಿತು ಎಂಬುದನ್ನು ಮಾತ್ರ ನೆನಪಿಡಿ. ನೀವು ಚೀಟಿ ಅಂಟಿಸಿದ ಪುಟಕ್ಕಿಂತ ಅದು ಮುಖ್ಯ.

## ಹಂತ 5: ಎರಡನೇ ಓದು, ಮಗುವಿನ ಬಾಯಿಂದ

ಮರುದಿನವೋ ಅದರ ಮರುದಿನವೋ ಅದೇ ಪುಸ್ತಕ. ಈಗ ನಿಲ್ಲಬಹುದು.

ಒಂದೂವರೆ, ಎರಡು ವರ್ಷದ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2013ರಲ್ಲಿ ಬಂತು. ಅಪ್ಪ ಅಮ್ಮ ಮಕ್ಕಳ ಜೊತೆ ಚಿತ್ರಪುಸ್ತಕ ನೋಡುವಾಗ ಏನು ಮಾತಾಡುತ್ತಾರೆ ಎಂದು ಗಮನಿಸಿ, ಆ ಮಕ್ಕಳು ಎಷ್ಟು ಬೇಗ ಸಹಾಯ ಮಾಡುತ್ತಾರೆ, ಹಂಚಿಕೊಳ್ಳುತ್ತಾರೆ ಎಂದು ನೋಡಿದರು. ಚಿತ್ರದಲ್ಲಿರುವವರ ಭಾವನೆಯನ್ನು ಗುರುತಿಸಲು, ಕಾರಣ ಹೇಳಲು ಯಾವ ಮಕ್ಕಳನ್ನು ಹೆಚ್ಚು ಕೇಳುತ್ತಿದ್ದರೋ ಆ ಮಕ್ಕಳು ಮುಂದಿದ್ದರು. ದೊಡ್ಡವರು ತಾವೇ ಎಷ್ಟು ವಿವರಿಸಿದರು ಎಂಬುದಕ್ಕಿಂತ ಮಗುವಿನಿಂದ ಎಷ್ಟು ಹೇಳಿಸಿದರು ಎಂಬುದು ಮುಖ್ಯವಾಗಿತ್ತು. ಈ ಮಾರ್ಗದರ್ಶಿಯಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಪ್ರಶ್ನೆಗಳಿಗೂ ಕ್ರಮ ಇದೆ. ಮೊದಲು ಕಾಣುವುದು, ಆಮೇಲೆ ಅನ್ನಿಸುವುದು, ಆಮೇಲೆ ಯಾಕೆ, ಆಮೇಲೆ ಏನು ಮಾಡಬಹುದು. "ನೀನಾಗಿದ್ರೆ?" ಎಂಬುದು ಎಲ್ಲಕ್ಕಿಂತ ಕೊನೆಗೆ. ಅನೇಕರು ಅಲ್ಲಿಂದಲೇ ಶುರು ಮಾಡುತ್ತಾರೆ. ಮಗುವಿಗೆ ತಾನು ಸಿಕ್ಕಿಬಿದ್ದೆ ಅನ್ನಿಸುತ್ತದೆ.

ಒಂದು ಪುಟ ಹೀಗಿದೆ ಎಂದುಕೊಳ್ಳಿ. ಕೋಣೆ ತುಂಬ ದೀಪ, ಮಕ್ಕಳೆಲ್ಲ ಉಡುಗೊರೆಯ ಕಾಗದ ಹರಿಯುತ್ತಿದ್ದಾರೆ. ಬಾಗಿಲ ಹತ್ತಿರ ಒಬ್ಬ ಹುಡುಗ ಕೋಟು ಕೂಡ ಬಿಚ್ಚದೆ ನಿಂತಿದ್ದಾನೆ.

"ಈ ಪುಟದಲ್ಲಿ ಯಾರ್ಯಾರು ಕಾಣ್ತಿದ್ದಾರೆ ಪುಟ್ಟಾ?"
"ಇವಳು, ಇವನು, ಅಜ್ಜಿ... ಇಲ್ಲೊಬ್ಬ ಇದ್ದಾನೆ."
"ಹೌದು, ಬಾಗಿಲ ಹತ್ರ. ಅವನ ಮುಖ ಹೇಗಿದೆ?"
"ಬೇಜಾರು."
"ಬೇಜಾರಾಗಿದೆ. ಬೇಜಾರು, ಜೊತೆಗೆ ಸ್ವಲ್ಪ ಸಂಕೋಚನೂ ಇರ್ಬಹುದು. ಕೈ ನೋಡು, ಕೋಟಿನ ಗುಂಡಿ ಹಿಡ್ಕೊಂಡಿದ್ದಾನೆ. ಯಾಕಿರ್ಬಹುದು?"
"ಅವನಿಗೆ ಯಾರೂ ಗೊತ್ತಿಲ್ಲ."
"ಓ, ಯಾರೂ ಗೊತ್ತಿಲ್ಲ ಅಂತ ಸಂಕೋಚ. ಇವಳು ಅವನನ್ನ ನೋಡಿದ್ಲಾ?"
"ಇಲ್ಲ. ಅವಳು ಗೊಂಬೆ ನೋಡ್ತಿದ್ದಾಳೆ."

ಇಲ್ಲಿ ದೊಡ್ಡವರು ಮಾಡಿದ್ದು ನಾಲ್ಕೇ ಕೆಲಸ: ಕೇಳಿದರು, ಮಗುವಿನ ಮಾತನ್ನು ಒಪ್ಪಿಕೊಂಡರು, ಅದಕ್ಕೆ ಒಂದು ಹೊಸ ಪದ ಸೇರಿಸಿದರು, ಆ ಪದ ಇನ್ನೊಂದು ಸಲ ಬರುವ ಹಾಗೆ ನೋಡಿಕೊಂಡರು. ಸಂವಾದದ ಓದು ಎನ್ನುವ ಪದ್ಧತಿಯ ಮೂಲ ಇಷ್ಟೇ. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು 1988ರಲ್ಲಿ ಅದನ್ನು ಪ್ರಕಟಿಸಿದ್ದು ಮಾತು ಬೆಳೆಸುವುದಕ್ಕೆ. ಭಾವನೆಯ ಪದಗಳಿಗೂ ಅದು ಚೆನ್ನಾಗಿ ಒಗ್ಗುತ್ತದೆ. ಬೇಜಾರು, ಖುಷಿ, ಕೋಪ ಈ ಮೂರೇ ಪದ ಇರುವ ಮಗುವಿಗೆ ಸಂಕೋಚ, ಹೊಟ್ಟೆಕಿಚ್ಚು, ಒಂಟಿತನ, ನಿರಾಸೆ ಎಂಬವು ಸಿಕ್ಕರೆ ಎದುರಿಗಿರುವವರ ಮುಖದಲ್ಲೂ ಅವು ಕಾಣತೊಡಗುತ್ತವೆ.

ಕೇಳಿದ ಮೇಲೆ ಕಾಯಿರಿ. ಮಗುವಿಗೆ ಯೋಚಿಸಲು ನಿಮಗಿಂತ ಜಾಸ್ತಿ ಹೊತ್ತು ಬೇಕು. ಉತ್ತರ ಬರದಿದ್ದರೆ ನೀವೇ ಒಂದು ಊಹೆ ಹೇಳಿ ಪುಟ ತಿರುಗಿಸಿ, ಒತ್ತಾಯ ಬೇಡ.

ವಯಸ್ಸಿಗೆ ತಕ್ಕಂತೆ. 2-3 ವರ್ಷದವರು ಬೆರಳು ತೋರಿಸಿದರೆ ಸಾಕು: "ಅಳ್ತಿರೋದು ಯಾರು?" ಸುಮಾರು 4 ವರ್ಷದ ಹೊತ್ತಿಗೆ ಮಕ್ಕಳಿಗೆ "ನನಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲದಿರಬಹುದು" ಎಂಬುದು ಅರ್ಥವಾಗತೊಡಗುತ್ತದೆ. ಆಗ "ಇದು ಅವಳಿಗೆ ಗೊತ್ತಾ?" ಎಂಬ ಪ್ರಶ್ನೆ ಕೇಳಬಹುದು. ಅದಕ್ಕಿಂತ ಚಿಕ್ಕವರಿಗೆ ಕೇಳಿದರೆ ಗೊಂದಲವೇ ಹೆಚ್ಚು. 6-7 ವರ್ಷದವರ ಜೊತೆ ಪಾತ್ರದ ಕಷ್ಟದ ಬಗ್ಗೆಯೂ ಮಾತಾಡಿ: "ಕೊಟ್ಟ ಮೇಲೆ ಅವಳಿಗೆ ಪೂರ್ತಿ ಖುಷಿನೇ ಆಯ್ತು ಅಂತೀಯಾ?"

"ತಪ್ಪು" ಉತ್ತರ ಬಂದರೆ. "ಅವಳು ಗೊಂಬೆ ಕೊಡಬಾರದಿತ್ತು, ಅದು ಅವಳದ್ದು" ಎಂದು ಮಗು ಹೇಳಿದರೆ ಹೌಹಾರಬೇಡಿ. ತಿದ್ದಲೂ ಬೇಡಿ. "ಹೌದಾ, ಯಾಕೆ ಹಾಗನ್ನಿಸ್ತು?" ಎಂದು ಕೇಳಿ. ಮನಸ್ಸಿನಲ್ಲಿ ಇರುವುದನ್ನು ಹೇಳಿದೆ ಅಷ್ಟೇ. ಅದಕ್ಕೆ ಬೈದರೆ ಮುಂದಿನ ಸಲ ನಿಮಗೆ ಬೇಕಾದ ಉತ್ತರ ಬರುತ್ತದೆ, ನಿಜವಾದದ್ದು ಬರುವುದಿಲ್ಲ. ಅಷ್ಟಕ್ಕೂ, ಪ್ರೀತಿಯ ವಸ್ತುವನ್ನು ಕೊಡಲೇಬೇಕು ಎಂದು ದೊಡ್ಡವರಿಗೂ ನಿಯಮ ಇಲ್ಲವಲ್ಲ.

## ಹಂತ 6: ಪುಸ್ತಕದಿಂದ ಒಂದು ಚಿಕ್ಕ ಕೆಲಸಕ್ಕೆ

ಎರಡನೇ ಓದಾದ ಒಂದೆರಡು ದಿನದೊಳಗೆ ಮಗು ತಾನೇ ಮಾಡುವ ಒಂದು ಕೆಲಸ ಇರಬೇಕು. ಬಿಟ್ಟುಹೋಗುವ ಹಂತ ಯಾವುದು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಸಲ ಇದೇ.

ಕೆಲಸ ನಿಮ್ಮದಲ್ಲ, ಮಗುವಿನದ್ದು. ನೀವು ಕೊಂಡುತಂದ ಉಡುಗೊರೆಯನ್ನು ಮಗುವಿನ ಕೈಲಿ ಕೊಡಿಸಿದರೆ ಕೊಟ್ಟದ್ದು ನೀವೇ. ಮಗುವಿನ ಹತ್ತಿರ ಇರುವುದು ಏನು? ಹೊತ್ತು, ಚಿತ್ರ ಬರೆಯುವ ಕೈ, ಆಟದ ಸರದಿ, ಪಕ್ಕದಲ್ಲಿ ಕೂರುವ ಜಾಗ. ತರಗತಿಗೆ ಹೊಸದಾಗಿ ಸೇರಿದವರಿಗೆ ಹಬ್ಬದ ಕಾರ್ಡ್ ಬರೆಯಬಹುದು. ಹಬ್ಬಕ್ಕೆ ಬರುವ ಚಿಕ್ಕ ಮಗುವಿಗೆ ಆಡಲು ಯಾವ ಆಟಿಕೆ ತೆಗೆದಿಡೋಣ ಎಂದು ಆರಿಸಬಹುದು. ದಿನವೂ ಬಾಗಿಲಿಗೆ ಪಾರ್ಸಲ್ ತರುವವರ ಹೆಸರು ಕೇಳಿ, ಹೆಸರು ಹಿಡಿದು ಶುಭಾಶಯ ಹೇಳಬಹುದು.

ಎರಡು ಆಯ್ಕೆ ಮುಂದಿಡಿ, "ಯಾವುದೂ ಬೇಡ" ಎನ್ನಲೂ ದಾರಿ ಇರಲಿ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 3-5 ವರ್ಷದ ಮಕ್ಕಳಿಗೆ ಒಂದು ಸ್ಟಿಕ್ಕರ್ ಕೊಟ್ಟು, ಬೇಜಾರಲ್ಲಿರುವ ಬೊಂಬೆಗೆ ಅದನ್ನು ಕೊಡುತ್ತೀಯಾ, ನೀನೇ ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದ್ದರು. ತಾವಾಗಿ ಕೊಡಲು ಆರಿಸಿಕೊಂಡ ಮಕ್ಕಳು ಆಮೇಲೆ ಇನ್ನೊಂದು ಬೊಂಬೆಯ ಜೊತೆಗೂ ಹೆಚ್ಚು ಹಂಚಿಕೊಂಡರು. ಕೊಡು ಎಂದು ಹೇಳಿಸಿಕೊಂಡು ಕೊಟ್ಟವರಲ್ಲಿ ಅಷ್ಟು ಕಾಣಲಿಲ್ಲ.

ಹಾಗಾಗಿ ಮಗು "ಇವತ್ತು ಬೇಡ" ಎಂದರೆ ಇವತ್ತು ಬೇಡ. ನಾಳೆ ಕೇಳಿ. ಇಷ್ಟದ ಗೊಂಬೆಯನ್ನು ಬಲವಂತವಾಗಿ ಕೊಡಿಸುವುದಂತೂ ಬೇಡವೇ ಬೇಡ. ಚಕ್ರ ಮುರಿದ ಕಾರು, ಕಣ್ಣು ಕಿತ್ತ ಕರಡಿಯನ್ನು ದಾನದ ಡಬ್ಬಿಗೆ ಹಾಕಿಸುವುದೂ ಬೇಡ. ನಮಗೆ ಬೇಡವಾದದ್ದು ಅವರಿಗೆ ಸಾಕು ಎಂದು ಮಗು ಕಲಿತುಬಿಡುತ್ತದೆ.

## ಹಂತ 7: ಮಾಡಿದ ಮೇಲೆ ಏನು ಹೇಳಬೇಕು

ಬಹುಮಾನ ಬೇಡ. ಸ್ಟಿಕ್ಕರ್ ಚಾರ್ಟ್, ಚಾಕೊಲೇಟ್, ಹೆಚ್ಚುವರಿ ಉಡುಗೊರೆ ಯಾವುದೂ ಬೇಡ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ತಿಂಗಳ ಮಕ್ಕಳು ಬಿದ್ದ ವಸ್ತು ಎತ್ತಿಕೊಟ್ಟು ಸಹಾಯ ಮಾಡುತ್ತಿದ್ದರು. ಪ್ರತಿ ಸಲ ವಸ್ತು ರೂಪದ ಬಹುಮಾನ ಪಡೆದವರು, ಬಹುಮಾನ ನಿಂತ ಮೇಲೆ ಉಳಿದವರಿಗಿಂತ ಕಡಿಮೆ ಸಹಾಯ ಮಾಡಿದರು.

"ಭೇಷ್, ಜಾಣ ಮರಿ!" ಎನ್ನುವುದರಿಂದ ಹಾನಿಯೇನಿಲ್ಲ, ಆದರೆ ಅದರಲ್ಲಿ ಸುದ್ದಿಯೂ ಇಲ್ಲ. ಏನಾಯಿತು ಎಂದು ಹೇಳಿ. "ನೀನು ಕಾರ್ಡ್ ಕೊಟ್ಟೆಯಲ್ಲ, ಅವರು ಅದನ್ನ ಎರಡು ಸಲ ತಿರುಗಿಸಿ ನೋಡಿ ಜೇಬಲ್ಲಿ ಇಟ್ಕೊಂಡ್ರು." ತನ್ನ ಕೆಲಸದಿಂದ ಇನ್ನೊಬ್ಬರಿಗೆ ಏನಾಯಿತು ಎಂಬುದನ್ನು ಮಗು ನೋಡಬೇಕು. ಆಗ ಪುಸ್ತಕದ ಮುಖ, ಎದುರಿನ ಮುಖ ಎರಡೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಫೋಟೊ ತೆಗೆದು ಎಲ್ಲರಿಗೂ ಕಳಿಸುವ ಆಸೆಯನ್ನೂ ತಡೆದುಕೊಳ್ಳಿ. ಕ್ಯಾಮೆರಾ ಬಂದರೆ ಮಗು ಕ್ಯಾಮೆರಾ ನೋಡುತ್ತದೆ, ಪಡೆದವರ ಮುಖ ನೋಡುವುದಿಲ್ಲ.

## ಹಂತ 8: ಹಬ್ಬ ಮುಗಿದ ಮೇಲೆ

ಎಲ್ಲ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕಬೇಡಿ. ಒಂದನ್ನು ಹೊರಗೇ ಇಡಿ. ದೀಪ, ಉಡುಗೊರೆ ಯಾವುದೂ ಇಲ್ಲದ ಮಾಮೂಲಿ ದಿನ ಅದನ್ನು ಓದಿದರೆ, ದಯೆ ಹಬ್ಬಕ್ಕೆ ಮಾತ್ರ ಎಂಬ ಭಾವನೆ ಬರುವುದಿಲ್ಲ.

## ತರಗತಿಯಲ್ಲಿ ಓದುವವರಿಗೆ

ಹಂತಗಳು ಅವೇ, ಎಚ್ಚರ ಜಾಸ್ತಿ. "ಹಬ್ಬಕ್ಕೆ ನಿಮಗೇನು ಸಿಕ್ತು?" ಎಂದು ಇಡೀ ಗುಂಪಿಗೆ ಕೇಳಬೇಡಿ. ಏನೂ ಸಿಗದ ಮಗು, ಆ ಹಬ್ಬವೇ ಇಲ್ಲದ ಮನೆಯ ಮಗು ಅಲ್ಲಿ ಕೂತಿರುತ್ತದೆ. ಬಾಗಿಲ ಹತ್ತಿರ ನಿಂತ ಹುಡುಗನ ಬಗ್ಗೆ ಓದುತ್ತಾ ನಾವೇ ಇನ್ನೊಂದು ಮಗುವನ್ನು ಬಾಗಿಲ ಹತ್ತಿರ ನಿಲ್ಲಿಸಿದಂತೆ ಆಗುತ್ತದೆ. ಪ್ರಶ್ನೆಗಳು ಪಾತ್ರದ ಬಗ್ಗೆ ಮಾತ್ರ ಇರಲಿ. ಜೋರಾಗಿ ಉತ್ತರಿಸುವ ಮೂವರೇ ಎಲ್ಲ ಹೇಳಿಬಿಡದಂತೆ, ಮೊದಲು ಪಕ್ಕದವರ ಹತ್ತಿರ ಪಿಸುಮಾತಿನಲ್ಲಿ ಹೇಳಲು ಬಿಡಿ.

## ದಾರಿ ತಪ್ಪುತ್ತಿದೆ ಎಂದು ತಿಳಿಯುವುದು ಹೇಗೆ

ಪ್ರಶ್ನೆ ಮುಗಿಯುವ ಮೊದಲೇ ಉತ್ತರ. "ಶೇರ್ ಮಾಡ್ಬೇಕು" ಎಂದು ಪಟ್ಟನೆ ಹೇಳಿ ನಿಮ್ಮ ಮುಖ ನೋಡುತ್ತದೆ, ಪುಟ ನೋಡುವುದಿಲ್ಲ. ಇದು ಪರೀಕ್ಷೆ ಎಂದು ಮಗುವಿಗೆ ಗೊತ್ತಾಗಿದೆ. ಒಂದು ವಾರ ಪ್ರಶ್ನೆ ನಿಲ್ಲಿಸಿ, ಬರೀ ಕಥೆ ಓದಿ.

"ಕೊಟ್ರೆ ನಂಗೇನ್ ಕೊಡ್ತೀಯಾ?" ಎಲ್ಲೋ ಬಹುಮಾನ ನುಸುಳಿದೆ. ಮನೆಯ ಬೇರೆ ಯಾರಾದರೂ ಕೊಡುತ್ತಿರಬಹುದು, ಕೇಳಿ ನೋಡಿ. ಪುಸ್ತಕವೇ ಅಂಥದ್ದಾಗಿದ್ದರೆ ಬದಲಿಸಿ.

ಪೊಲೀಸ್ ಕೆಲಸ. "ನೋಡಮ್ಮಾ, ಇವನು ಪುಸ್ತಕದಲ್ಲಿ ಇರೋ ಹಾಗೆ ಮಾಡ್ತಿಲ್ಲ" ಎಂದು ತಮ್ಮನ ಮೇಲೆ ದೂರು. ನೀವು ಪುಸ್ತಕವನ್ನು ಬೈಯಲು ಬಳಸಿದ್ದನ್ನು ಮಗು ನೋಡಿ ಕಲಿತಿದೆ. ಜಗಳದ ನಡುವೆ ಪುಸ್ತಕದ ಹೆಸರು ಎತ್ತುವುದನ್ನು ಮೊದಲು ನೀವು ಬಿಡಿ.

ರಾತ್ರಿ ಕಳವಳ. "ಆ ಹುಡುಗನಿಗೆ ಈಗ್ಲೂ ಮನೆ ಇಲ್ವಾ?" ಎಂದು ಮಲಗುವಾಗ ಮತ್ತೆ ಮತ್ತೆ ಕೇಳಿದರೆ ಕಥೆಯ ದುಃಖ ಅದರ ವಯಸ್ಸಿಗೆ ಭಾರವಾಗಿದೆ. ಕಥೆಯಲ್ಲಿ ಯಾರು ಯಾರು ಸಹಾಯ ಮಾಡಿದರು ಎಂದು ಚಿತ್ರದಲ್ಲಿ ತೋರಿಸಿ, ಆ ಪುಸ್ತಕವನ್ನು ಕೆಲವು ತಿಂಗಳು ಪಕ್ಕಕ್ಕಿಡಿ.

ಪುಸ್ತಕ ತಂದರೆ ಓಡಿಹೋಗುವುದು. ಮಾತು ಜಾಸ್ತಿ ಆಗಿದೆ, ಅಥವಾ ಆ ಪುಸ್ತಕ ಅದಕ್ಕೆ ಹಿಡಿಸಿಲ್ಲ. ಎರಡರಲ್ಲಿ ಯಾವುದು ಎಂದು ತಿಳಿಯಲು ಪೆಟ್ಟಿಗೆಯಿಂದ ಮಗುವೇ ಒಂದು ಆರಿಸಲಿ. ಅದನ್ನು ಒಂದೂ ಪ್ರಶ್ನೆ ಇಲ್ಲದೆ ಓದಿ. ಆಗ ಕೂತು ಕೇಳಿದರೆ ತೊಂದರೆ ಪ್ರಶ್ನೆಗಳದ್ದು, ಮುಂದಿನ ಪುಸ್ತಕಕ್ಕೆ ಒಂದೇ ಚೀಟಿ ಸಾಕು.